ಜಪಾನಿ ರಾಣಿಯ ತವರು

ಮುಖ ಒರೆಸುವುದು ನನ್ನ ಹಳೆಯ ಚಾಳಿ. ಅದನ್ನು ಅಂಟಿಸಿದವರು ಮೈಸೂರಿನ ಕಾನ್ವೆಂಟಿನ ಸಿಸ್ಟರುಗಳು. ಬೆಳಿಗ್ಗೆ ಅಸೆಂಬ್ಲಿಗೆ ಮುಂಚೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಉಗುರು, ಕಿವಿ, ಕತ್ತಿನ ಹಿಂಭಾಗ ನೋಡುತ್ತಿದ್ದರು. ಯಾರ ಗಲ್ಲದ ಮೇಲಾದರೂ ಬೆಳಗಿನ ಉಪ್ಪಿಟ್ಟಿನ ಗುರುತು ಕಂಡರೆ "ಹ್ಯಾಂಕಿ, ಚೈಲ್ಡ್" ಎಂದು ಒಂದೇ ಮಾತು. ಕರ್ಚೀಫಿನ ಮೂಲೆಯನ್ನು ನಲ್ಲಿಯಲ್ಲಿ ಒದ್ದೆ ಮಾಡಿ, ಒರೆಸಿಕೊಂಡು, ಮತ್ತೆ ಬಂದು ಸಾಲಿನಲ್ಲಿ ನಿಲ್ಲಬೇಕು. ಅಂದಿನಿಂದ ನನ್ನ ಸೊಂಟದಲ್ಲಿ ಸದಾ ಒಂದು ಕರ್ಚೀಫು. ನನ್ನ ಇಬ್ಬರು ಮಕ್ಕಳ ಮುಖವನ್ನೂ ಒರೆಸಿ ಒರೆಸಿ ಬೆಳೆಸಿದೆ. ಒಬ್ಬಳು ಮೆಲ್ಬರ್ನಿಗೆ, ಒಬ್ಬ ಸಿಡ್ನಿಗೆ ಹೋದದ್ದು ಇದರಿಂದ ತಪ್ಪಿಸಿಕೊಳ್ಳುವುದಕ್ಕೇ ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಮುಖವನ್ನೂ ಬಿಟ್ಟವಳಲ್ಲ. ಮೀಸೆಗೆ ಮಜ್ಜಿಗೆ ಮೆತ್ತಿಕೊಂಡರೆ ನನ್ನ ಕೈ ತಾನಾಗಿ ಹೋಗುತ್ತಿತ್ತು, ಅವರು ಗೊಣಗುತ್ತ ಮುಖ ತಿರುಗಿಸುತ್ತಿದ್ದರು. ಆಸ್ಪತ್ರೆಯಲ್ಲಿ ಕೊನೆಯ ದಿನ ಒರೆಸಿದಾಗ ಮಾತ್ರ ತಿರುಗಿಸಲಿಲ್ಲ.

ಅವರು ಹೋದ ಮೇಲೆ, ಎರಡು ಸಾವಿರದ ಮೂರರ ಸುಮಾರಿಗೆ, ನಾನು ಮಗಳ ಮನೆ ಸೇರಿದೆ. ಮೆಲ್ಬರ್ನಿನ ಕ್ಲೇಟನ್. ಮಗಳು ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು, ಅಳಿಯ ಯೂನಿವರ್ಸಿಟಿಯಲ್ಲಿ ಪಾಠ ಹೇಳುವವನು. ಒಂಬತ್ತು ವರ್ಷದ ಮೊಮ್ಮಗಳಿಗೆ ನಾನು ಹೇಳುವ ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಬರುವಾಗ ನನ್ನ ಜೊತೆ ಇನ್ನಿಬ್ಬರು ಬಂದಿದ್ದರು. ನನ್ನ ಮದುವೆಯಲ್ಲಿ ಅಪ್ಪ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ರಕ್ತಚಂದನದ ಮರದಲ್ಲಿ ಕೆತ್ತಿದ ಗಟ್ಟಿ ಜೀವಗಳು. ಪ್ರತಿ ದಸರಾಗೂ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಜರಿ ಬಟ್ಟೆ ಉಡಿಸಿ, ಮೆಟ್ಟಿಲ ಮೇಲೆ ಕೂರಿಸುವುದು. ಐವತ್ತು ವರ್ಷ ಒರೆಸಿದ್ದೇನೆ, ಅವುಗಳ ಮೂಗು ಒಂದು ಕೂದಲೆಳೆಯಷ್ಟೂ ಸವೆದಿರಲಿಲ್ಲ. ಈ ಮಾತು ನೆನಪಿರಲಿ. ಮುಂದೆ ನಾನು ಮಾಡಿದ ಅನಾಹುತಕ್ಕೆ ನನ್ನ ಕಡೆಯಿಂದ ಇರುವ ಡಿಫೆನ್ಸ್ ಇದೊಂದೇ.

ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಮರದ ಸಾಮಾನು ಏನಾದರೂ ಇದೆಯೇ ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ತೆಗೆದು ತೋರಿಸಿದೆ. ರಾಣಿ ಪಾಸಾದಳು. ರಾಜನ ಕಾಲಿನಲ್ಲಿ ಎರಡು ಸಣ್ಣ ತೂತು. ತಟ್ಟಿದರೆ ಹಿಟ್ಟು ಉದುರಿತು. ಒಳಗೆ ಹುಳ. ತುಂಬ ಸೌಜನ್ಯದ ಹುಡುಗಿ, ಒಂದು ಫಾರಂ ಕೊಟ್ಟು ನಿಮಗೆ ಬೇಕಾದ್ದಕ್ಕೆ ಟಿಕ್ ಮಾಡಿ ಎಂದಳು. ಟ್ರೀಟ್‌ಮೆಂಟ್, ರಿಟರ್ನ್, ಡಿಸ್ಪೋಸ್ ಎಂದು ಮೂರು ಚೌಕ. ಹದಿನಾಲ್ಕು ಗಂಟೆ ವಿಮಾನದಲ್ಲಿ ಕೂತು ಬಂದ ತಲೆ. ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಒಳ್ಳೆಯ ಹುಡುಗಿಯರ ರಿಪೋರ್ಟಿನಲ್ಲಿ "ವೆಲ್ ಡಿಸ್ಪೋಸ್ಡ್" ಎಂದು ಬರೆಯುತ್ತಿದ್ದರು. ಹಾಗಾದರೆ ಡಿಸ್ಪೋಸ್ ಎನ್ನುವುದು ಒಳ್ಳೆಯದೇ ಇರಬೇಕೆಂದು, ನನ್ನ ಅಂದವಾದ ಅಕ್ಷರದಲ್ಲಿ ಸಹಿ ಹಾಕಿ, ಅದಕ್ಕೇ ಟಿಕ್ ಮಾಡಿ ಕೊಟ್ಟೆ. ಹೊರಗೆ ಬಂದು ಮಗಳಿಗೆ ಹೇಳಿದಾಗ ಅವಳು ಟ್ರಾಲಿ ಬಿಟ್ಟು ಹಣೆ ಹಿಡಿದುಕೊಂಡಳು. ಅಷ್ಟು ಹೊತ್ತಿಗೆ ರಾಜ ಡಿಸ್ಪೋಸ್ ಆಗಿದ್ದ.

ಹೀಗೆ ನಾವಿಬ್ಬರೂ, ನಾನೂ ನನ್ನ ರಾಣಿಯೂ, ಒಂಟಿಯಾಗಿ ಆಸ್ಟ್ರೇಲಿಯಾ ಪ್ರವೇಶ ಮಾಡಿದೆವು.

ಮನೆಯ ಎದುರು ಬಸ್ ಸ್ಟಾಪಿನಲ್ಲಿ ಒಂದು ಬೆಂಚು. ಹಗಲೆಲ್ಲ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲವಾದ್ದರಿಂದ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಅಲ್ಲೇ ಪಕ್ಕದ ಬೀದಿಯ ಜಪಾನಿ ಹೆಂಗಸಿನ ಪರಿಚಯವಾಯಿತು. ನನಗಿಂತ ಒಂದೆರಡು ವರ್ಷ ದೊಡ್ಡವರು, ನನ್ನ ಹಾಗೇ ಗಂಡನನ್ನು ಕಳೆದುಕೊಂಡವರು, ಕ್ಲೇಟನ್ನಿಗೆ ಬಂದು ಮೂವತ್ತು ವರ್ಷವಾಗಿತ್ತು. ಆಕೆಗೆ ಇಂಗ್ಲಿಷ್ ಬಹಳ ಕಡಿಮೆ, ನನಗೆ ಬೇಕಾದ್ದಕ್ಕಿಂತ ಜಾಸ್ತಿ. ಸೇರಿಸಿ ಅರ್ಧ ಮಾಡಿದರೆ ಇಬ್ಬರಿಗೂ ಸಾಕಾಗುತ್ತಿತ್ತು. ಬಸ್ಸು ಬಂದು ನಿಲ್ಲುತ್ತಿತ್ತು, ನಾವು ಕೈಯಾಡಿಸಿ ಕಳಿಸುತ್ತಿದ್ದೆವು. ಎರಡು ತಿಂಗಳಾದ ಮೇಲೆ ಡ್ರೈವರುಗಳು ನಿಲ್ಲಿಸುವುದು ಬಿಟ್ಟು ಹಾರ್ನ್ ಮಾಡಿ ಹೋಗತೊಡಗಿದರು. ಆ ದೇಶದಲ್ಲಿ ನನಗಿದ್ದ ಫ್ರೆಂಡ್ ಆಕೆ ಒಬ್ಬರೇ. ಮಿಕ್ಕವರೆಲ್ಲ ಮಗಳ ಫ್ರೆಂಡ್ಸು. ನನ್ನನ್ನು ಆಂಟಿ ಎಂದು ಕರೆದು, ಮೈಗ್ರೇನ್ ಹೇಗಿದೆ ಎಂದು ಕೇಳಿ, ಮಾರ್ಟ್‌ಗೇಜ್ ವಿಷಯಕ್ಕೆ ಹೊರಳಿಕೊಳ್ಳುತ್ತಿದ್ದರು. ನನಗೆ ಮೈಗ್ರೇನ್ ಇರಲೂ ಇಲ್ಲ. ಅದು ಬೇರೆ ಯಾರದೋ ಅತ್ತೆಗೆ.

ಎರಡನೆಯ ವರ್ಷದ ದಸರಾ ಹತ್ತಿರ ಬಂದಾಗ ಬೆಂಚಿನ ಮೇಲೆ ಕೂತು ಆಕೆಗೆ ಗೊಂಬೆ ಹಬ್ಬದ ವಿವರ ಹೇಳಿದೆ. ಮೆಟ್ಟಿಲು ಕಟ್ಟುತ್ತೇವೆ, ಬಟ್ಟೆ ಹಾಸುತ್ತೇವೆ, ಎಲ್ಲಕ್ಕಿಂತ ಮೇಲೆ ರಾಜ ರಾಣಿ, ಕೆಳಗೆ ಪರಿವಾರ, ಮಕ್ಕಳು ಬಂದರೆ ತಿಂಡಿ ಕೊಡುತ್ತೇವೆ, ನನ್ನ ರಾಜ ಏರ್‌ಪೋರ್ಟಿನಲ್ಲಿ ಹೋಗಿಬಿಟ್ಟ, ಈ ಸಲ ರಾಣಿ ಒಬ್ಬಳನ್ನೇ ಹೇಗೆ ಕೂರಿಸಲಿ, ಇತ್ಯಾದಿ. ಆಕೆ ಸುಮ್ಮನೆ ಎದ್ದು ಮನೆಗೆ ಹೋದರು. ಬೇಜಾರಾಯಿತೇನೋ ಎಂದುಕೊಂಡೆ. ಹತ್ತು ನಿಮಿಷಕ್ಕೆ ಒಂದು ಹಳೆಯ ಕಪ್ಪು ಬಿಳುಪು ಫೋಟೋ ಹಿಡಿದು ಬಂದರು. ಮೆಟ್ಟಿಲು, ಹಾಸಿದ ಬಟ್ಟೆ, ಮೇಲೆ ರಾಜ ರಾಣಿ, ಕೆಳಗೆ ಸಖಿಯರು, ವಾದ್ಯದವರು, ತಟ್ಟೆಯಲ್ಲಿ ತಿಂಡಿ. ಪಕ್ಕದಲ್ಲಿ ಐದಾರು ವರ್ಷದ ಒಂದು ಹುಡುಗಿ, ಆಕೆಯೇ. ಅವರಲ್ಲಿ ಮಾರ್ಚ್ ತಿಂಗಳಿನಲ್ಲಿ ಹೆಣ್ಣುಮಕ್ಕಳ ಹಬ್ಬವಂತೆ. ನಾನು ಆ ಫೋಟೋವನ್ನು ಎರಡು ಸಲ ತಿರುಗಿಸಿ ನೋಡಿದೆ, ಹಿಂದೆ ಎಲ್ಲಾದರೂ ಮೈಸೂರಿನ ಸ್ಟುಡಿಯೋದ ಸೀಲ್ ಇದೆಯೇನೋ ಎಂದು.

ಯುದ್ಧದ ಕಾಲದಲ್ಲಿ ಎಲ್ಲ ಹೋಗಿ ರಾಜ ರಾಣಿ ಇಬ್ಬರೇ ಉಳಿದಿದ್ದರು. ಅಜ್ಜಿಯ ಕಾಲದವು, ನೂರು ವರ್ಷ ದಾಟಿದವು. ಆಕೆ ಅವನ್ನು ತೊಡೆಯ ಮೇಲಿಟ್ಟುಕೊಂಡು ಹಡಗಿನಲ್ಲಿ ತಂದಿದ್ದರು. ಮಾರನೆಯ ದಿನ ಎರಡು ಹಗುರವಾದ ಮರದ ಪೆಟ್ಟಿಗೆಗಳನ್ನು ಎದೆಗವಚಿಕೊಂಡು ನಮ್ಮ ಮನೆಗೇ ಬಂದರು. "ನಿಮ್ಮ ಹಬ್ಬಕ್ಕೆ," ಎಂದರು. ನಾನು ಬೇಡ ಬೇಡ ಎನ್ನುತ್ತಲೇ ಕೈಚಾಚಿದ್ದೆ.

ಅಂಥ ಕೆಲಸ ನಾನು ಅದುವರೆಗೆ ನೋಡಿರಲಿಲ್ಲ. ರಾಣಿಯ ಮೈಮೇಲೆ ಹನ್ನೆರಡು ಪದರ ರೇಷ್ಮೆ, ಒಂದೊಂದರ ಅಂಚೂ ತೋಳಿನ ಹತ್ತಿರ ಒಂದು ದಾರದಷ್ಟು ಹೊರಗೆ ಇಣುಕುವಂತೆ ಹೊಂದಿಸಿದ್ದರು. ಬೆರಳುಗಳು ಜೀರಿಗೆ ಕಾಳಿನಷ್ಟು, ಅದರ ಮೇಲೆ ಉಗುರು. ಗಾಜಿನ ಕಣ್ಣು. ತುಟಿ ಇಷ್ಟೇ ಇಷ್ಟು ತೆರೆದು, ಏನೋ ಹೇಳಲು ಹೊರಟು ಬೇಡವೆಂದು ಬಿಟ್ಟ ಹಾಗೆ. ಮುಖ ಮಾತ್ರ ಈಗಷ್ಟೇ ಕಡೆದು ತೆಗೆದ ಬೆಣ್ಣೆಯಂತೆ, ಬಿಳಿ, ನುಣುಪು. ಆಕೆ ರೂಲ್ಸ್ ಹೇಳಿದರು. ಬಿಸಿಲು ಬೇಡ. ಹೊಗೆ ಬೇಡ. ಆಮೇಲೆ ತಮ್ಮ ಮುಖದ ಮುಂದೆ ಕೈಯಾಡಿಸಿ, "ಫೇಸ್, ನೋ ಹ್ಯಾಂಡ್. ಪ್ಲೀಸ್," ಎಂದರು.

ಕಾನ್ವೆಂಟಿನ ಗ್ರಾಮರ್ ಓದಿದವಳು ನಾನು. ನೋ ಹ್ಯಾಂಡ್ ಎಂದರೆ ಕೈ ಮುಟ್ಟಿಸಬಾರದು. ಕರ್ಚೀಫಿನ ವಿಷಯ ಆಕೆ ಎತ್ತಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಮೆಟ್ಟಿಲು ಕಟ್ಟಿದೆ. ಮಗಳ ಮೆಡಿಕಲ್ ಪುಸ್ತಕಗಳ ಪೆಟ್ಟಿಗೆ, ಹಾಲಿನ ಕ್ರೇಟು, ಅಳಿಯನ ಸ್ಪೀಕರು, ಮೇಲೆ ಒಂದು ಕೆಂಪು ಬೆಡ್‌ಶೀಟು. ಜಪಾನಿ ರಾಜನನ್ನು ಕೂರಿಸಿದೆ. ರಾಣಿಯನ್ನು ಕೂರಿಸಿದೆ. ಮೊಮ್ಮಗಳು ತನ್ನ ಸ್ಟಿಕರ್ ಬಿಂದಿ ಒಂದನ್ನು ರಾಣಿಯ ಹಣೆಗೆ ಅಂಟಿಸಿ, ಅವಳ ಅಪ್ಪನ ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದಳು. ಬಿಂದಿಯನ್ನು ನಾನು ಮೆಲ್ಲಗೆ ಕಿತ್ತೆ. ಆಗ ಕಣ್ಣಿಗೆ ಬಿತ್ತು. ಹಣೆಯ ಮೇಲುಭಾಗದಲ್ಲಿ, ಕೂದಲಿಗೆ ಸಮೀಪ, ಎಡಕ್ಕೊಂದು ಬಲಕ್ಕೊಂದು, ಮಸಿ ಮೆತ್ತಿದ ಹಾಗೆ ಎರಡು ಕಪ್ಪು ಗುರುತು. ಯಾರೋ ದೀಪ ಹಚ್ಚಿದ ಹೆಬ್ಬೆರಳಲ್ಲಿ ಹಿಡಿದಿದ್ದಾರೆ ಎಂದುಕೊಂಡೆ. ಪಾಪ, ನೂರು ವರ್ಷದಿಂದ ಯಾರೂ ಒರೆಸಿಲ್ಲ.

ಕರ್ಚೀಫಿನ ಮೂಲೆಯನ್ನು ನಲ್ಲಿಯಲ್ಲಿ ಒದ್ದೆ ಮಾಡಿದೆ.

ಮೊದಲನೆಯ ಮಸಿ ಸಲೀಸಾಗಿ ಹೋಯಿತು. ಖುಷಿಯಾಯಿತು. ಎರಡನೆಯದೂ ಹೋಯಿತು. ಆದರೆ ಮಸಿಯ ಹಿಂದೆಯೇ ಬಿಳಿ ಬರತೊಡಗಿತು, ಒದ್ದೆ ಸುಣ್ಣದ ಹಾಗೆ. ಬಿಳಿಯನ್ನು ಸಮ ಮಾಡೋಣವೆಂದು ಇನ್ನೊಂದು ಚೂರು ಒರೆಸಿದೆ. ಎಡಗಡೆಯ ಹುಬ್ಬು ಕೆನ್ನೆಗೆ ಇಳಿಯಿತು. ಅದನ್ನು ಮೇಲಕ್ಕೆ ತಳ್ಳಲು ಹೋದಾಗ ಮೂಗು ಬಂತು. ಬೇಗ ಒಣಗಿದರೆ ಸರಿಹೋಗಬಹುದೆಂದು ಮಗಳ ಹೇರ್ ಡ್ರೈಯರ್ ತಂದು ಊದಿದೆ. ಒಣಗಿತು. ಒಣಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು. ಅಷ್ಟರ ಮಧ್ಯೆ ಗಾಜಿನ ಕಣ್ಣು ಎರಡೂ ನನ್ನನ್ನೇ ನೋಡುತ್ತಿದ್ದವು.

ಮಗಳು ಡ್ಯೂಟಿ ಮುಗಿಸಿ ಬಂದವಳು ರಾಣಿಯನ್ನು ಟಾರ್ಚ್ ಹಾಕಿ ನೋಡಿದಳು. ಪೇಷೆಂಟುಗಳ ಕಡೆಯವರ ಹತ್ತಿರ ಮಾತಾಡುವ ದನಿಯಲ್ಲಿ, "ಅಮ್ಮ, ಕೂತ್ಕೊ," ಎಂದಳು.

"ಹೇಳು, ತಡ್ಕೋತೀನಿ."

"ಮೂಗು ಹೋಗಿದೆ. ಆ ಆಂಟಿಗೆ ಇವತ್ತೇ ಹೇಳ್ಬಿಡು. ಸಾರಿ ಅನ್ನು, ಮುಗೀತು."

ಮುಗಿಯುತ್ತಿತ್ತು, ನಿಜ. ನನಗಿದ್ದ ಹೆದರಿಕೆಯೂ ಅದೇ. ಆಕೆ ಕೂಗಾಡುವವರಲ್ಲ. ಬಗ್ಗಿ ನಮಸ್ಕಾರ ಮಾಡಿ, ಪೆಟ್ಟಿಗೆ ಎತ್ತಿಕೊಂಡು, ಮಾರನೆಯ ದಿನದಿಂದ ಬೆಂಚಿಗೆ ಬರುವುದಿಲ್ಲ ಅಷ್ಟೆ. ಆಮೇಲೆ ನಾನು ಒಬ್ಬಳೇ ಕೂತು ಬಸ್ಸು ಹತ್ತಬೇಕಾಗುತ್ತಿತ್ತು. ಎಲ್ಲಿಗೆ ಎಂದು ಹತ್ತುವುದು?

ಬೆಳಿಗ್ಗೆಯೇ ಲೈಬ್ರರಿಗೆ ಓಡಿದೆ. ಅಲ್ಲಿನ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿ, ಹಳೆಯ ಜಪಾನಿ ಗೊಂಬೆ ರಿಪೇರಿ ಮಾಡುವವರು ಒಬ್ಬರು ಇದ್ದಾರೆ, ಆದರೆ ಸಿಡ್ನಿಯಲ್ಲಿ ಎಂದಳು. ಮಗ ಇರುವುದೂ ಸಿಡ್ನಿಯಲ್ಲೇ. ನವರಾತ್ರಿಯ ಎರಡನೆಯ ದಿನ, ಹಬ್ಬದ ಮನೆಯ ಆರತಿಯನ್ನು ಮಗಳಿಗೆ ವಹಿಸಿ, ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವಿಮಾನ ಹತ್ತಿದೆ. ಮಗನಿಗೆ ನಾನು ಅವನನ್ನು ನೋಡಲು ಹಾತೊರೆದು ಬಂದೆನೆಂಬ ಭಾವನೆ. ಕಾರಿನಲ್ಲಿ ಕೂತ ಕೂಡಲೇ ಗೊಂಬೆಯವರಿರುವ ಚಾಟ್ಸ್‌ವುಡ್ಡಿಗೆ ನಡಿ ಎಂದಾಗ ಅವನ ಮುಖ ಸ್ವಲ್ಪ ಬಾಡಿತು.

ಗೊಂಬೆಯವರ ಗ್ಯಾರೇಜಿನಲ್ಲಿ ಕಾರು ಬಿಟ್ಟು ಮಿಕ್ಕದ್ದೆಲ್ಲ ಇತ್ತು. ಮುಖ್ಯವಾಗಿ ತಲೆಗಳು. ಒಂದೊಂದನ್ನೂ ಕಡ್ಡಿಗೆ ಸಿಕ್ಕಿಸಿ ಲಾಲಿಪಾಪಿನ ಹಾಗೆ ಸಾಲಾಗಿ ಒಣಗಲು ನಿಲ್ಲಿಸಿದ್ದರು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ನನ್ನ ಪೆಟ್ಟಿಗೆ ತೆರೆದು, ರಾಣಿಯನ್ನು ಅತ್ತಿತ್ತ ತಿರುಗಿಸಿ ನೋಡಿ, ಏನು ಹಾಕಿ ಒರೆಸಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನೀರು ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಹೇರ್ ಡ್ರೈಯರ್ ವಿಷಯವನ್ನು ನಾನು ಹೇಳಲಿಲ್ಲ. ಅವರೇ ಬಿರುಕು ನೋಡಿ ಅದನ್ನೂ ಕೇಳಿದರು.

ಆಮೇಲೆ ಅವರು ಹೇಳಿದ್ದನ್ನು ನಾನು ಕಾನ್ವೆಂಟಿನ ಹುಡುಗಿಯ ಹಾಗೆ ಕೈಕಟ್ಟಿ ಕೇಳಿದೆ. ಆ ಬಿಳಿಯದು ಬಣ್ಣವಲ್ಲ, ಸಮುದ್ರದ ಸಿಂಪಿ. ಸಿಂಪಿಯ ಚಿಪ್ಪನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಅರೆದು, ಗಂಧದ ಹಾಗೆ ನುಣ್ಣಗೆ ಮಾಡಿ, ಪ್ರಾಣಿಯ ಚರ್ಮದಿಂದ ತೆಗೆದ ಅಂಟಿನಲ್ಲಿ ಕಲಸಿ, ಕೆತ್ತಿದ ಮರದ ತಲೆಗೆ ಪದರ ಪದರವಾಗಿ ಬಳಿಯುತ್ತಾರೆ. ಒಂದು ಒಣಗಿದ ಮೇಲೆ ಇನ್ನೊಂದು. ಗಾಜಿನ ಕಣ್ಣನ್ನೂ ಬಳಿದು ಮುಚ್ಚಿ, ಆಮೇಲೆ ಚಾಕುವಿನ ಮೊನೆಯಿಂದ ರೆಪ್ಪೆ ಬಿಡಿಸುತ್ತಾರೆ, ಕೂಸು ಮೊದಲ ಸಲ ಕಣ್ಣು ಬಿಟ್ಟ ಹಾಗೆ. ಆ ಅಂಟು ನೀರು ಕಂಡರೆ ಕರಗುತ್ತದೆ. ಸಿಂಪಿ, ಚರ್ಮ ಎಂದು ಕೇಳಿದ ಕೂಡಲೇ ನನಗೆ ನಮ್ಮ ಮೆಟ್ಟಿಲ ಮೇಲೆ ಇದೇ ರಾಣಿಯ ಎದುರು ಇಟ್ಟು ಕೈಮುಗಿದ ಕೊಬ್ಬರಿ ಮಿಠಾಯಿ ನೆನಪಾಯಿತು. ಆ ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ.

"ಕೊನೆಯ ಪದರವನ್ನು ಒದ್ದೆ ಬಟ್ಟೆಯಿಂದಲೇ ಒರೆಸಿ ನುಣುಪು ಮಾಡುವುದು," ಎಂದರು ಅವರು. "ಅದನ್ನು ಮೇಷ್ಟ್ರು ನನಗೆ ಹತ್ತು ವರ್ಷ ಬಿಟ್ಟು ಕಲಿಸಿದರು. ನೀವು ಅಲ್ಲಿಂದಲೇ ಶುರು ಮಾಡಿದ್ದೀರಿ."

ಆ ಎರಡು ಮಸಿಯ ಗುರುತು ಮಸಿಯಲ್ಲವೆಂದೂ ಅವರೇ ತಿಳಿಸಿದರು. ಹಿಂದೆ ಜಪಾನಿನ ಅರಮನೆಯ ಹೆಂಗಸರು ಇದ್ದ ಹುಬ್ಬು ತೆಗೆಸಿ, ಹಣೆಯ ಮೇಲೆ ಎತ್ತರದಲ್ಲಿ ಹೊಸ ಹುಬ್ಬು ಬರೆದುಕೊಳ್ಳುತ್ತಿದ್ದರಂತೆ. ಗೊಂಬೆಗೆ ಎರಡನ್ನೂ ಬರೆಯುತ್ತಾರೆ. ಮಹಾರಾಣಿಯ ಗುರುತೇ ಅದು. ನಾನು ಒರೆಸಿದ್ದು ಕೊಳೆಯನ್ನಲ್ಲ, ಪದವಿಯನ್ನು.

ಅವರು ಭೂತಗನ್ನಡಿ ಹಿಡಿದು ಗದ್ದದ ಕೆಳಗೆ ನೋಡಿ, ಈ ಮುಖಕ್ಕೆ ಹಿಂದೆಯೂ ಒಮ್ಮೆ ಕೆಲಸವಾಗಿದೆ, ತಲೆ ನೂರು ವರ್ಷದ್ದು, ಮುಖ ಅಷ್ಟು ಹಳೆಯದಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಅದಕ್ಕೆ ಕಿವಿಗೊಡಲಿಲ್ಲ. ಅಷ್ಟರಲ್ಲಿ ಅವರು ರಾಣಿಯ ಕತ್ತು ಹಿಡಿದು ಟಪ್ಪೆಂದು ಎಳೆದಿದ್ದರು. ತಲೆ ಅವರ ಕೈಯಲ್ಲಿ. ನಾನು ಮಗನ ತೋಳು ಹಿಡಿದುಕೊಂಡೆ. ಅವು ಇರುವುದೇ ಹಾಗಂತೆ. ಮೈ ಒಳಗೆ ಹುಲ್ಲಿನ ಕಟ್ಟು, ತಲೆಗೊಂದು ಕಡ್ಡಿ, ಸಿಕ್ಕಿಸಿದರೆ ಆಯಿತು. ಐದು ವಾರ ಬೇಕು, ತಲೆ ಇಲ್ಲಿರಲಿ, ಮೈ ನೀವು ತೆಗೆದುಕೊಂಡು ಹೋಗಿ, ಹಳೆಯ ಫೋಟೋ ಇದ್ದರೆ ಕಳಿಸಿ ಎಂದರು.

ಹೀಗಾಗಿ ವಾಪಸು ಬರುವಾಗ ಸಿಡ್ನಿ ಏರ್‌ಪೋರ್ಟಿನ ಸೆಕ್ಯೂರಿಟಿಯವನು ನನ್ನ ಪೆಟ್ಟಿಗೆಯನ್ನು ಎಕ್ಸ್‌ರೇಯಲ್ಲಿ ಎರಡು ಸಲ ಕಳಿಸಿ, ಬದಿಗೆ ಕರೆದು, ಮುಚ್ಚಳ ತೆರೆಸಿದ. ಹನ್ನೆರಡು ಪದರ ರೇಷ್ಮೆ ಉಟ್ಟು, ಕೈ ಜೋಡಿಸಿ, ತಲೆಯಿಲ್ಲದೆ ಕೂತಿದ್ದಳು ಮಹಾರಾಣಿ.

"ತಲೆ ಎಲ್ಲಿ, ಮ್ಯಾಮ್?"

"ಚಾಟ್ಸ್‌ವುಡ್ಡಿನಲ್ಲಿ ಒಬ್ಬ ಜೆಂಟಲ್‌ಮನ್ ಹತ್ತಿರ ಇದೆ," ಎಂದೆ.

ಅವನು ನನ್ನನ್ನೂ ಪೆಟ್ಟಿಗೆಯನ್ನೂ ನೋಡಿ, ಹ್ಯಾವ್ ಎ ಗುಡ್ ಫ್ಲೈಟ್ ಎಂದು ಮುಚ್ಚಳವನ್ನು ತಾನೇ ಮೆಲ್ಲಗೆ ಮುಚ್ಚಿದ.

ಮನೆಗೆ ಬಂದು ಮೈಯನ್ನು ಟವೆಲ್ ಇಡುವ ಕಪಾಟಿನಲ್ಲಿ ಬಚ್ಚಿಟ್ಟೆ. ಆಮೇಲೆ ನೋಡಿದರೆ ಮೆಟ್ಟಿಲ ಮೇಲೆ ಜಪಾನಿ ರಾಜ ಒಬ್ಬನೇ, ಎರಡು ಮೆಟ್ಟಿಲ ಕೆಳಗೆ ನನ್ನ ಮೈಸೂರಿನ ರಾಣಿ ಒಬ್ಬಳೇ. ಸರಿ, ಅವಳನ್ನು ಎತ್ತಿ ಅವನ ಪಕ್ಕದಲ್ಲಿ ಕೂರಿಸಿದೆ. ಜೋಡಿ ಏನೂ ಕೆಟ್ಟದಾಗಿರಲಿಲ್ಲ. ಅವಳು ಅವನಿಗಿಂತ ಒಂದು ಗೇಣು ಎತ್ತರ. ಅವನು ಸ್ವಲ್ಪ ಗಾಬರಿಯಾದಂತೆ ಕಂಡ.

ಸರಸ್ವತಿ ಪೂಜೆಯ ದಿನ ಸಂಜೆ ಆಕೆ ಬರುವುದೆಂದು ಮೊದಲೇ ಮಾತಾಗಿತ್ತು. ಬೂದು ಬಣ್ಣದ ಕಿಮೋನೋ ಉಟ್ಟು ಬಂದರು. ಚಪ್ಪಲಿ ಬಿಟ್ಟು, ಮೆಟ್ಟಿಲ ಮುಂದೆ ಮಂಡಿಯೂರಿ ಕೂತು, ಬಗ್ಗಿ, ತಲೆಯೆತ್ತಿ ನೋಡಿದರು. ನೋಡುತ್ತಲೇ ಇದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನಾನು ಮತ್ತು ಕೋಡುಬಳೆ ಕಡಿಯುತ್ತಿದ್ದ ಮೊಮ್ಮಗಳು. ನಾನು ಒಂದು ವಾರದಿಂದ ಬಾಯಿಪಾಠ ಮಾಡಿದ್ದ ಸಾರಿಯಲ್ಲಿ ಇಂಗ್ಲಿಷಿನ ನಾಲ್ಕು ವಾಕ್ಯವಿತ್ತು, ಒಂದು ಸಬಾರ್ಡಿನೇಟ್ ಕ್ಲಾಜ್ ಸಮೇತ. ಬಾಯಿ ತೆರೆದರೆ ಬೇರೆಯೇ ಬಂತು.

"ನಿಮ್ಮ ರಾಣಿ ತವರಿಗೆ ಹೋಗಿದ್ದಾಳೆ."

ತವರು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಶಬ್ದವಿಲ್ಲವಾದ್ದರಿಂದ ಕನ್ನಡದಲ್ಲೇ ಹೇಳಿದ್ದೆ. ಆಕೆ ಕೇಳಿದರು, "ತವಾರು?"

ಹಿಡಿದ ಸುಳ್ಳನ್ನು ಬಿಡುವಂತಿರಲಿಲ್ಲ. ಹೆಣ್ಣುಮಗಳು ಹುಟ್ಟಿದ ಮನೆ, ಮದುವೆಯಾದ ಮೇಲೆ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತಾಳೆ, ಕೆಲಸ ಮಾಡಿಸುವುದಿಲ್ಲ, ತಲೆಗೆ ಎಣ್ಣೆ ಹಚ್ಚುತ್ತಾರೆ, ಬೇಕಾದ್ದು ಮಾಡಿ ಹಾಕುತ್ತಾರೆ, ಬರುವಾಗ ಮೈ ಕೈ ತುಂಬಿಕೊಂಡು ಬರುತ್ತಾಳೆ. ನಮ್ಮಲ್ಲಿ ಗೊಂಬೆಗಳನ್ನೂ ಕಳಿಸುವ ಪದ್ಧತಿ ಉಂಟು ಎಂದೆ. ಹೇಳುತ್ತ ಹೇಳುತ್ತ ನನಗೇ ಕಣ್ಣು ಮಂಜಾಯಿತು. ನನ್ನ ತವರು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಉಳಿದದ್ದೆಂದರೆ ಅಲ್ಲಿಂದ ಬಂದ ಆ ಮರದ ರಾಣಿ, ಅವಳೂ ಈಗ ಪರರ ಗಂಡನ ಪಕ್ಕ ಕೂತಿದ್ದಳು.

"ತವಾರು ಎಲ್ಲಿ?"

"ಸಿಡ್ನಿ. ಐದು ವಾರ."

ಆಗ ಹಿಂದಿನಿಂದ ಮೊಮ್ಮಗಳು, ಬಾಯಲ್ಲಿ ಕೋಡುಬಳೆ ಇಟ್ಟುಕೊಂಡೇ ಹೇಳಿದಳು, "ಓನ್ಲಿ ಹರ್ ಹೆಡ್ ವೆಂಟ್, ಆಕ್ಚುಲೀ."

ಆಕೆ ಮಗುವಿನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ರಾಜನನ್ನೇ ನೋಡುತ್ತ, "ಪಾಪ," ಎನ್ನುವಂಥ ಒಂದು ಸದ್ದು ಮಾಡಿ, ನನ್ನ ರಾಣಿಗೆ ಬಗ್ಗಿ ನಮಸ್ಕರಿಸಿದರು. ಆಮೇಲೆ ಕೋಡುಬಳೆ ತಿಂದು, ಇನ್ನೆರಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಮಗುವಿನ ಬಾಯಿ ತುಂಬಿತ್ತು, ಅರ್ಥವಾಗಿರಲಿಕ್ಕಿಲ್ಲ ಎಂದು ನಾನು ಆ ಐದು ವಾರ ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಂಡೆ. ಬೆಂಚಿಗೆ ದಿನವೂ ಬರುತ್ತಿದ್ದರು. ಆಗಾಗ ರಾಣಿ ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾಳೆ, ರೆಸ್ಟ್ ತಗೋತಿದ್ದಾಳೆ ಎನ್ನುತ್ತಿದ್ದೆ. ಸಿಸ್ಟರುಗಳು ಸಣ್ಣ ಪಾಪ, ದೊಡ್ಡ ಪಾಪ ಎಂದು ಎರಡು ಖಾನೆ ಮಾಡಿ ಕಲಿಸಿದ್ದರು. ದಿನಕ್ಕೊಂದರಂತೆ ಐದು ವಾರ ಹೇಳಿದ ಸಣ್ಣ ಸುಳ್ಳು ಯಾವ ಖಾನೆಗೆ ಹೋಗುತ್ತದೆಂದು ಹೇಳಿರಲಿಲ್ಲ.

ನಡುವೆ ಒಂದು ದಿನ ಚಾಟ್ಸ್‌ವುಡ್ಡಿನಿಂದ ಫೋನು. ಅಳಿಯ ಮೊಮ್ಮಗಳು ತೆಗೆದಿದ್ದ ರಾಣಿಯ ಫೋಟೋವನ್ನು ಅವರಿಗೆ ಕಳಿಸಿದ್ದ. ಆ ಮನುಷ್ಯ ಬಹಳ ಸಂಕೋಚದಿಂದ ಕೇಳಿದರು, ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಎಲ್ಲ ಊರಿನ ಗೊಂಬೆ ನೋಡಿದ್ದೇನೆ, ಹಣೆಯ ನಡುವೆ ಈ ಕೆಂಪು ಗುರುತು ಮಾತ್ರ ಎಲ್ಲೂ ನೋಡಿಲ್ಲ, ಇದು ಯಾವ ಕಡೆಯ ಶೈಲಿ?

"ಮೈಸೂರು ಕಡೆಯದು," ಎಂದೆ. ಅವರು ಬರೆದುಕೊಳ್ಳುತ್ತಿರುವ ಸದ್ದು ಕೇಳಿ, ಗಾಬರಿಯಾಗಿ, ಅದನ್ನು ಬರೆಯಬೇಡಿ, ಅದು ಸ್ಟಿಕರ್ ಎಂದು ಕೂಗಿ ಹೇಳಿದೆ.

ನವೆಂಬರಿನಲ್ಲಿ ಮಗ ಏನೋ ಮೀಟಿಂಗಿಗೆಂದು ಮೆಲ್ಬರ್ನಿಗೆ ಬಂದವನು ತಲೆಯನ್ನು ಹತ್ತಿಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿ ತಂದ. ಮಗಳು ಕೈತೊಳೆದು, ಆಪರೇಷನ್ ಥಿಯೇಟರಿನ ಗಾಂಭೀರ್ಯದಿಂದ ಕತ್ತಿಗೆ ಸಿಕ್ಕಿಸಿದಳು. ಮೂಗು ಬಂದಿತ್ತು, ಎರಡು ಜೊತೆ ಹುಬ್ಬೂ ಬಂದಿದ್ದವು. ತುಟಿ ಮತ್ತೆ ಏನೋ ಹೇಳಲು ಹೊರಟಂತಿತ್ತು. ಹೊಸ ಪದರಗಳಿಂದಲೋ ಏನೋ, ಕೆನ್ನೆ ಮಾತ್ರ ಮೊದಲಿಗಿಂತ ಒಂದು ಚೂರು ಉಬ್ಬಿತ್ತು. ಗೊತ್ತಿದ್ದವರಿಗೆ ಗೊತ್ತಾಗುವಂತೆ.

ಎರಡು ಪೆಟ್ಟಿಗೆ ಹಿಡಿದು ನಾನೇ ಪಕ್ಕದ ಬೀದಿಗೆ ಹೋದೆ. ಈ ಸಲ ನಿಜ ಹೇಳಲೇಬೇಕೆಂದು ಆ ನಾಲ್ಕು ವಾಕ್ಯವನ್ನು ದಾರಿಯುದ್ದಕ್ಕೂ ಹೇಳಿಕೊಂಡೇ ನಡೆದೆ. ಆಕೆ ಟೀ ಇಟ್ಟಿದ್ದರು, ತಟ್ಟೆಯಲ್ಲಿ ಹಿಟ್ಟು ಮೆತ್ತಿದ ಬಿಳಿಯ ಸಿಹಿ ಉಂಡೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪೆಟ್ಟಿಗೆ ತೆರೆದು, ರಾಣಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ಕೆನ್ನೆಯ ಹತ್ತಿರ ಕಣ್ಣು ನಿಂತಿತು.

"ಫ್ಯಾಟ್," ಎಂದರು. ಆಮೇಲೆ, "ಗುಡ್ ತವಾರು."

ನನ್ನ ನಾಲ್ಕೂ ವಾಕ್ಯ ಹಾರಿಹೋಯಿತು. ನಾನು ಒರೆಸಿಬಿಟ್ಟೆ, ನೀರು ಹಾಕಿ ಒರೆಸಿಬಿಟ್ಟೆ, ಮೂಗು ಹೋಯಿತು ಎಂದು ಕನ್ನಡ ಇಂಗ್ಲಿಷ್ ಎರಡನ್ನೂ ಕಲಸಿ ಹೇಳಿದೆ. ಆಕೆ ತಲೆಯಾಡಿಸುತ್ತ ಕೇಳಿ, ಆ ಹಳೆಯ ಫೋಟೋ ತಂದು ನನ್ನ ಮುಂದಿಟ್ಟರು. ಅದರಲ್ಲಿದ್ದ ಹುಡುಗಿಯನ್ನು ಮುಟ್ಟಿ ತೋರಿಸಿ, ತಮಗಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಈ ಫೋಟೋ ತೆಗೆದ ಮಾರನೆಯ ವರ್ಷ ಆಕೆ ರಾಣಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಸ್ನಾನ ಮಾಡಿಸಿದ್ದರು. ಮುಖವೆಲ್ಲ ಕರಗಿಹೋಯಿತು. ಹಬ್ಬಕ್ಕೆ ನೆಂಟರು ಬಂದು ರಾಣಿ ಎಲ್ಲಿ ಎಂದು ಕೇಳಿದಾಗ ಅಜ್ಜಿ ಒಂದಿಷ್ಟೂ ತಡಮಾಡದೆ, ಮಹಾರಾಣಿ ಬಿಸಿನೀರಿನ ಬುಗ್ಗೆಗೆ ಹೋಗಿದ್ದಾರೆ, ಸಂಧಿವಾತ ಎಂದಿದ್ದರು.

"ನೀವು ತವಾರು ಅಂದಿರಿ. ನಾನು ತಿಳಿದೆ. ಯಾರೋ ತೊಳೆದಿದ್ದಾರೆ."

"ಹಾಗಾದರೆ ಅವತ್ತೇ ಹೇಳಬಾರದಿತ್ತೆ? ಐದು ವಾರ ನಾನು ನಿದ್ದೆ ಮಾಡಿಲ್ಲ."

"ನಿಮ್ಮ ಕಥೆ ಚೆನ್ನಾಗಿತ್ತು. ದಿನ ದಿನ, ಸ್ವಲ್ಪ ಸ್ವಲ್ಪ," ಎಂದು ಆಕೆ ಒಂದು ಉಂಡೆ ಬಾಯಿಗೆ ಹಾಕಿಕೊಂಡರು. ಅಗಿದು ಮುಗಿಸಿ, ಇನ್ನೊಂದು ಮಾತು ಎಂಬಂತೆ ಬೆರಳೆತ್ತಿದರು. ಬರುವ ಮಾರ್ಚಿನಲ್ಲಿ ತಮ್ಮ ಹಬ್ಬಕ್ಕೆ ನನ್ನ ಮರದ ರಾಣಿಯನ್ನೂ ಕರೆತರಬೇಕಂತೆ. ರಾಜನಿಗೆ ಅಭ್ಯಾಸವಾಗಿದೆ, ಬೇಜಾರು ಮಾಡಿಕೊಂಡಾನು.

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಸೊಂಟದಿಂದ ಕರ್ಚೀಫು ತೆಗೆದು ಕಣ್ಣೊತ್ತಿಕೊಂಡೆ. ಆಗ ಕಂಡಿತು, ಆಕೆಯ ಗಲ್ಲದ ಮೇಲೆ ಆ ಉಂಡೆಯ ಬಿಳಿ ಹಿಟ್ಟು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಆಕೆ ಥಟ್ಟನೆ ಹಿಂದಕ್ಕೆ ಸರಿದು ಕರ್ಚೀಫನ್ನು ಅನುಮಾನದಿಂದ ನೋಡಿದರು.

"ಡ್ರೈ?"

"ಡ್ರೈ," ಎಂದೆ. ಅದೂ ಸುಳ್ಳೇ. ಆದರೂ ಆಕೆ ಮುಖ ತಿರುಗಿಸಲಿಲ್ಲ, ಗದ್ದ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿಕೊಂಡು ಕೂತರು.